ಮೊಣಕೈಯ ಕೋನ

ಒಂಬತ್ತನೇ ತರಗತಿಗೆ ಕೋನಗಳ ಪಾಠ ಶುರು ಮಾಡಬೇಕಿದ್ದ ದಿನವೇ ನಾನು ಬಿದ್ದು ಮೊಣಕೈ ಮುರಿದುಕೊಂಡೆ.

ಹೊಳೆನರಸೀಪುರ ದಾಟಿ, ಬಸ್ಸಿಳಿದು ಸ್ವಲ್ಪ ದೂರ ನಡೆದರೆ ಸಿಗುವ ಸರ್ಕಾರಿ ಹೈಸ್ಕೂಲು ಅದು. ಬೋರ್ಡಿನ ಮೇಲೆ ಚಿತ್ರ ಬರೆಯುವುದಕ್ಕೆಂದು ಇರುವ ಮರದ ದೊಡ್ಡ ಕೋನಮಾಪಕವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಸ್ಟಾಫ್ ರೂಮಿನಿಂದ ಹೊರಟಿದ್ದೆ. ವರಾಂಡದ ಮೆಟ್ಟಿಲ ಮೇಲೆ ಯಾರೋ ಬಾಟಲಿಯ ನೀರು ಚೆಲ್ಲಿದ್ದರು. ಬೀಳುವ ಮನುಷ್ಯ ಕೈ ಊರುತ್ತಾನೆ. ನನ್ನ ಕೈಗಳು ಕೋನಮಾಪಕವನ್ನು ಬಿಡಲಿಲ್ಲ. ಬಲ ಮೊಣಕೈ ಸೀದಾ ಮೆಟ್ಟಿಲಿನ ಅಂಚಿಗೆ ಬಡಿಯಿತು. ಓಡಿ ಬಂದ ಹುಡುಗರಲ್ಲಿ ಒಬ್ಬ ಮೊದಲು ಕೋನಮಾಪಕವನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, "ಏನೂ ಆಗಿಲ್ಲ ಮೇಡಂ, ಮುರ್ದಿಲ್ಲ" ಎಂದ. ನನಗೆ ನಗುವೂ ಬಂತು, ಕಣ್ಣಿಗೆ ಕತ್ತಲೂ ಬಂತು.

ಆಗ ನನಗೆ ಐವತ್ತೆರಡು. ಮನೆ ಹಾಸನದಲ್ಲಿ. ಗಣಿತ ಹೇಳಿಕೊಡುವವರು ಸಾಲದೆ ಇಲಾಖೆಯವರು ನನ್ನನ್ನು ಎರಡು ಶಾಲೆಗೆ ಹಂಚಿದ್ದರು. ವಾರದ ಮೊದಲರ್ಧ ಹೊಳೆನರಸೀಪುರದ ಕಡೆ, ಉಳಿದರ್ಧ ಅರಕಲಗೂಡಿನ ಕಡೆ. ಎರಡೂ ಶಾಲೆಯಲ್ಲಿ ಅದೇ ಪಾಠ, ಅದೇ ಚಿತ್ರ, ಮಕ್ಕಳು ಮಾಡುವ ತಪ್ಪೂ ಅದೇ. ಬೆಳಿಗ್ಗೆ ಹೋಗುವಾಗ ಬಸ್ಸಿನಲ್ಲಿ ನಿಂತೇ ಹೋಗಬೇಕು, ಸಂಜೆ ಬರುವಾಗ ಸೀಟು ಸಿಕ್ಕಿದರೆ ಕೂತ ಕೂಡಲೇ ನಿದ್ದೆ. ಎಷ್ಟೋ ಸಲ ಕಂಡಕ್ಟರೇ "ಮೇಡಂ, ಹಾಸ್ನ ಬಂತು" ಎಂದು ಎಬ್ಬಿಸಿದ್ದಾರೆ. ನಾನು ಬಿದ್ದದ್ದಕ್ಕೆ ನೀರು ಕಾರಣವೋ, ನಿದ್ದೆಗಣ್ಣು ಕಾರಣವೋ, ಈಗಲೂ ಖಾತ್ರಿಯಿಲ್ಲ.

ಹಾಸನದ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಬಿರುಕು ಬಿಟ್ಟಿದೆ, ಜಾಗ ಬಿಟ್ಟು ಸರಿದಿಲ್ಲ. ಆಪರೇಷನ್ ಬೇಡ" ಎಂದರು. ಮೊಣಕೈಯನ್ನು ಮಡಿಚಿ, ತೊಂಬತ್ತು ಡಿಗ್ರಿಗೆ ನಿಲ್ಲಿಸಿ ಬ್ಯಾಂಡೇಜು ಸುತ್ತಿದರು. ನಮ್ಮವರು ಪಕ್ಕದಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಲೇ ಇದ್ದರು. ಅವರದು ಬಿತ್ತನೆ ಆಲೂಗಡ್ಡೆಯ ವ್ಯಾಪಾರ. ಆ ಕಾಲದಲ್ಲಿ ಅವರ ಕಿವಿಯಿಂದ ಫೋನು ಇಳಿಯುವುದಿಲ್ಲ, ಮನೆಯಲ್ಲಿ ಎರಡು ಹೊತ್ತು ಊಟಕ್ಕೆ ಸಿಗುವುದೂ ಕಷ್ಟ. ಮಗಳು ಮೈಸೂರಿನಲ್ಲಿ ಓದುತ್ತಿದ್ದಳು, ಅವಳಿಗೆ ಪರೀಕ್ಷೆ. ಬರುತ್ತೇನೆ ಎಂದಳು, ಬರಬೇಡ ಎಂದೆ.

ಬ್ಯಾಂಡೇಜು ಬಿಚ್ಚಿದ ದಿನ ನನ್ನ ಕೈ ನನ್ನದಾಗಿರಲಿಲ್ಲ. ಸಣ್ಣಗಾಗಿತ್ತು, ಚರ್ಮ ಹೊಟ್ಟು ಎದ್ದಿತ್ತು. ಚಾಚಲು ಹೋದರೆ ಅರ್ಧಕ್ಕೆ ನಿಲ್ಲುತ್ತಿತ್ತು, ಮಡಿಚಲು ಹೋದರೆ ಮೊದಲಿದ್ದ ಜಾಗ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಮೊಣಕೈ ಹೀಗೆ ಬಿಗಿಯುವುದು ಮಾಮೂಲಿ ಎಂದು ಹೇಳಿ ಡಾಕ್ಟರು ಫಿಸಿಯೋಥೆರಪಿಗೆ ಚೀಟಿ ಬರೆದರು.

ಫಿಸಿಯೋಥೆರಪಿ ಮಾಡುವ ಹುಡುಗಿ ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಮಾತು ಕಡಿಮೆ. ಮೊದಲ ದಿನ ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಒಂದು ತುದಿಯಲ್ಲಿ ಜೋಡಿಸಿದ ಅಳತೆಯ ಸಾಮಾನೊಂದನ್ನು ತಂದು, ಒಂದು ಪಟ್ಟಿಯನ್ನು ನನ್ನ ತೋಳಿಗೂ ಇನ್ನೊಂದನ್ನು ಮುಂಗೈಗೂ ಹಿಡಿದಳು. ನಡುವಿನ ಗುಂಡಿ ನನ್ನ ಮೊಣಕೈಯ ಮೇಲೆ. ಗುಂಡಿಯ ಸುತ್ತ ಡಿಗ್ರಿಗಳು. ನಾನು ಜೀವಮಾನವಿಡೀ ಬೋರ್ಡಿನ ಮೇಲೆ ಹಿಡಿದದ್ದನ್ನೇ ಇವಳು ನನ್ನ ಮೈಗೆ ಹಿಡಿದಿದ್ದಳು. ಕೋನದ ಎರಡು ಗೆರೆಗಳಿಗೆ ನಮ್ಮ ಪುಸ್ತಕದಲ್ಲಿ ಬಾಹು ಎಂದೇ ಹೆಸರು. ಅವು ಸೇರುವ ಬಿಂದು ಶೃಂಗ.

"ಎಷ್ಟು ಆಗುತ್ತೋ ಅಷ್ಟು ಕೈ ಚಾಚಿ ಮೇಡಂ" ಎಂದಳು. ಚಾಚಿದೆ. "ನಲವತ್ತು" ಎಂದಳು.

"ನಲವತ್ತು ಹೇಗಮ್ಮ? ನೋಡಿದರೇ ಗೊತ್ತಾಗುತ್ತಲ್ಲ, ಇದು ವಿಶಾಲ ಕೋನ. ನೂರ ನಲವತ್ತು ಇರಬೇಕು."

ಅವಳು ಮೊದಲ ಸಲ ನಕ್ಕಳು. "ನಮ್ಮಲ್ಲಿ ಕೈ ಪೂರ್ತಿ ನೇರ ಇದ್ದರೆ ಸೊನ್ನೆ ಅಂತ ಲೆಕ್ಕ ಮೇಡಂ. ಅಲ್ಲಿಂದ ಎಷ್ಟು ಬಗ್ಗಿದೆ ಅಂತ ಅಳೀತೀವಿ."

"ನಮ್ಮಲ್ಲಿ ನೇರ ಇದ್ದರೆ ನೂರ ಎಂಬತ್ತು. ಸರಳಕೋನ."

"ಹಂಗಾದ್ರೆ ನಿಮ್ಮ ಲೆಕ್ಕಾನೂ ನಮ್ಮ ಲೆಕ್ಕಾನೂ ಕೂಡಿದ್ರೆ..."

"ಯಾವಾಗಲೂ ನೂರ ಎಂಬತ್ತೇ. ಪರಿಪೂರಕ ಕೋನಗಳು ಅಂತೀವಿ" ಎಂದೆ. ಪರಿಪೂರಕಕ್ಕೆ ಪುಸ್ತಕದ ಹೊರಗಿನಿಂದ ಒಂದು ಉದಾಹರಣೆ ಕೊಡಿ ಎಂದು ಯಾರಾದರೂ ಕೇಳಿದ್ದರೆ ಅಲ್ಲಿಯವರೆಗೆ ನನಗೆ ಹೊಳೆಯುತ್ತಿರಲಿಲ್ಲ.

ಲೆಕ್ಕ ಯಾರದಾದರೂ ಇರಲಿ, ಸಂಗತಿ ಇಷ್ಟು. ನನ್ನ ಕೈ ನೂರ ನಲವತ್ತಕ್ಕಿಂತ ಚಾಚುತ್ತಿರಲಿಲ್ಲ, ಎಂಬತ್ತೈದಕ್ಕಿಂತ ಮಡಚುತ್ತಿರಲಿಲ್ಲ. ಬೆರಳು ಬಾಯಿಗೆ ಮುಟ್ಟಬೇಕಾದರೆ ಐವತ್ತರ ಹತ್ತಿರ ಬರಬೇಕು, ಚೆನ್ನಾಗಿ ಚೂಪಾದ ಲಘುಕೋನ. ಅದು ನಮಗೆ ಯಾರಿಗೂ ಗೊತ್ತಿರುವುದಿಲ್ಲ. ತುತ್ತು ಬಾಯಿಗೆ ತಾನೇ ಹೋಗುತ್ತದೆ ಎಂದುಕೊಂಡಿರುತ್ತೇವೆ. ಜಡೆ ಹಾಕಿಕೊಳ್ಳಲು, ಮುಖ ತೊಳೆಯಲು, ಕುಂಕುಮ ಇಟ್ಟುಕೊಳ್ಳಲು, ಮೂಗು ತುರಿಸಿದರೆ ಕೆರೆಯಲು, ಎಲ್ಲಕ್ಕೂ ಬೇಕಾದ ಕೋನ ಅದೇ. ನಾನು ಮನೆಯಲ್ಲಿ ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿಂದೆ. ಮುದ್ದೆ ಬಿಟ್ಟೆ. ಕೂದಲನ್ನು ಒಂದು ರಬ್ಬರಿಗೆ ಸಿಕ್ಕಿಸಿಕೊಂಡು ಶಾಲೆಗೆ ಹೋದೆ. ರಜೆ ಮುಗಿದಿತ್ತು, ಎರಡೂ ಶಾಲೆಗಳಲ್ಲಿ ಪಾಠ ಹಿಂದೆ ಬಿದ್ದಿತ್ತು.

ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆಯುವುದು ಎಂಥ ಕಷ್ಟ! ಸರಳರೇಖೆ ಹಾವಿನಂತೆ ಹೋಗುತ್ತಿತ್ತು. ಮಕ್ಕಳೇ ಬಂದು ಸ್ಕೇಲು ಹಿಡಿಯುತ್ತಿದ್ದರು. ಒಂದು ದಿನ ಅರಕಲಗೂಡಿನ ಶಾಲೆಯಲ್ಲಿ ಒಳಗೆ ಕಾಲಿಟ್ಟಾಗ ಬೋರ್ಡಿನ ಮೇಲೆ ಒಂದು ಚಿತ್ರ: ಕನ್ನಡಕ, ಸೀರೆ, ಬಗ್ಗಿದ ಒಂದು ಕೈ, ಪಕ್ಕದಲ್ಲಿ ಹಿಂದಿನ ವಾರ ನಾನೇ ಹೇಳಿದ್ದ ಅಳತೆ, "ಮೇಡಂ ಕೋನ = 140". ತರಗತಿ ಉಸಿರು ಬಿಗಿಹಿಡಿದು ಕೂತಿತ್ತು. ಬೇರೆ ಯಾವಾಗಲಾದರೂ ಆಗಿದ್ದರೆ ಸಿಟ್ಟು ಬರುತ್ತಿತ್ತೇನೋ. ಆ ದಿನ ಸಿಟ್ಟು ಮಾಡಲೂ ತ್ರಾಣ ಇರಲಿಲ್ಲ. ಹಾಸನದಿಂದ ಹೊರಟ ಬಸ್ಸು ನಡುದಾರಿಯಲ್ಲಿ ಕೆಟ್ಟು, ಹಿಂದೆ ಬಂದ ಇನ್ನೊಂದರಲ್ಲಿ ಒಂಟಿಗಾಲಿನಲ್ಲಿ ನಿಂತು ಬಂದಿದ್ದೆ. ಡಸ್ಟರು ಎತ್ತಿಕೊಂಡು 140 ಅನ್ನು ಅಳಿಸಿ 142 ಎಂದು ಬರೆದೆ.

"ನಿನ್ನೆ ಅಳೆದಾಗ ಇಷ್ಟು ಬಂತು. ಇದು ಯಾವ ಕೋನ?"

"ವಿಶಾಲ ಕೋನ ಮೇಡಂ!" ಎಂದು ಇಡೀ ತರಗತಿ ಕೂಗಿತು, ಬೈಗುಳ ತಪ್ಪಿದ ಖುಷಿಗೆ.

"ಸರಿ. ಇದು ಒಳಗಿನ ಕೋನ. ಹೊರಗಡೆಯಿಂದ ಸುತ್ತಿಕೊಂಡು ಬಂದರೆ ಎಷ್ಟು?"

ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತು, "ಪೂರ್ತಿ ಸುತ್ತಿದ್ರೆ ಮುನ್ನೂರ ಅರವತ್ತು. ಅದ್ರಲ್ಲಿ ಇದನ್ನ ಕಳೆದ್ರೆ ಇನ್ನೂರ ಹದಿನೆಂಟು. ಸರಳಾಧಿಕ ಕೋನ" ಎಂದಳು. ಚಿತ್ರ ಬರೆದವರು ಯಾರು ಎಂದು ನಾನು ಕೇಳಲಿಲ್ಲ. ಆ ವರ್ಷ ಸರಳಾಧಿಕ ಕೋನವನ್ನು ಆ ತರಗತಿಯಲ್ಲಿ ಯಾರೂ ಮರೆಯಲಿಲ್ಲ.

ಆ ದಿನಗಳಲ್ಲೇ ಚನ್ನರಾಯಪಟ್ಟಣದಲ್ಲಿ ನಮ್ಮವರ ಸೋದರಮಾವನ ಮಗನ ಹೊಸ ಮನೆಯ ಗೃಹಪ್ರವೇಶ ಬಂತು. ಹೋಗದೆ ವಿಧಿಯಿರಲಿಲ್ಲ. ಹೋದರೆ ಅಲ್ಲಿ ನನ್ನ ಓರಗಿತ್ತಿ ಇರುತ್ತಾರೆ ಎನ್ನುವುದೂ ಗೊತ್ತಿತ್ತು. ಅವರು ನಮ್ಮವರ ಅಣ್ಣನ ಹೆಂಡತಿ. ಹಿರೀಸಾವೆಯ ಹತ್ತಿರದ ನಮ್ಮ ಊರಿನಲ್ಲೇ ಇದ್ದು ತೋಟ, ಹಸು ನೋಡಿಕೊಳ್ಳುವವರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಜಮೀನು ಪಾಲಾದಾಗಿನಿಂದ ಅವರು ನನ್ನ ಜೊತೆ ಮಾತು ಬಿಟ್ಟಿದ್ದರು.

ಪಾಲಿನ ದಿನ ನಡೆದದ್ದನ್ನು ಹೇಳಿಬಿಡುತ್ತೇನೆ. ಹಳೆಯ ಬಾವಿಯೇ ಗುರುತು. ಬಾವಿಯ ಕಟ್ಟೆಯಿಂದ ಜಮೀನಿನ ಆ ತುದಿಯವರೆಗೆ ಒಂದು ನೇರ ಗೆರೆ. ಈ ಕಡೆಯದು ಅಣ್ಣನಿಗೆ, ಆ ಕಡೆಯದು ತಮ್ಮನಿಗೆ. ಊರಿನವರು ಹಗ್ಗ ಎಳೆದು ಆ ತುದಿಯಲ್ಲಿ ಕಲ್ಲು ನೆಟ್ಟರು. ನಾನು ಬಾವಿ ಕಟ್ಟೆಯ ಬಳಿ ನಿಂತು ನೋಡಿ, "ಗೆರೆ ಸ್ವಲ್ಪ ಓರೆ ಹೋಗಿದೆ" ಎಂದೆ. ನಿಜಕ್ಕೂ ಹೋಗಿತ್ತು. ಮತ್ತೆ ಹಗ್ಗ ಹಿಡಿದರು, ನನ್ನ ಮಾತು ಸರಿಯೆಂದಾಯಿತು, ಕಲ್ಲು ಸರಿಯಿತು. ಬಾವಿಯ ಬಳಿ ಅಂಗೈಯಗಲದ ವ್ಯತ್ಯಾಸವೂ ಇಲ್ಲ. ಆ ತುದಿಯಲ್ಲಿ ಮಾತ್ರ ಎರಡು ತೆಂಗಿನ ಮರ ಅವರ ಪಾಲಿನಿಂದ ನಮ್ಮ ಪಾಲಿಗೆ ಬಂದವು. ಅಕ್ಕ ಅಂದೇ ಸೆರಗು ಕೊಡವಿಕೊಂಡು ಮನೆಯೊಳಗೆ ಹೋದವರು ಮತ್ತೆ ನನ್ನತ್ತ ಮುಖ ತಿರುಗಿಸಿರಲಿಲ್ಲ.

ಗೃಹಪ್ರವೇಶದ ಊಟಕ್ಕೆ ಎಲೆ ಹಾಕಿದರು. ನಾನು ಪಂಕ್ತಿಯಿಂದ ತಪ್ಪಿಸಿಕೊಂಡು ಒಳಗಿನ ರೂಮಿನಲ್ಲಿ, ಪೇಂಟಿನ ವಾಸನೆಯ ನಡುವೆ, ಉಡುಗೊರೆಗಳ ಪಕ್ಕ ಹೋಗಿ ಕೂತೆ. ಅಷ್ಟು ಜನರ ಮುಂದೆ ಎಡಗೈಯಲ್ಲಿ ಉಣ್ಣಲು ಮನಸ್ಸು ಬರಲಿಲ್ಲ. ಚಮಚ ಕೇಳಿದರೆ ಕೊಡುತ್ತಿದ್ದರು, ಜೊತೆಗೆ ಹತ್ತು ಪ್ರಶ್ನೆಗಳನ್ನೂ ಬಡಿಸುತ್ತಿದ್ದರು. ಕೂತಲ್ಲೇ ಕಣ್ಣು ಮುಚ್ಚಿದೆ.

ಬಾಗಿಲಲ್ಲಿ ಬಳೆ ಸದ್ದಾಯಿತು. ಅಕ್ಕ ನಿಂತಿದ್ದರು, ಕೈಯಲ್ಲಿ ಸ್ಟೀಲ್ ತಟ್ಟೆ.

"ಊಟಕ್ಕ್ಯಾಕ್ ಕೂತ್ಕಳ್ಲಿಲ್ಲ?"

ಅಷ್ಟು ವರ್ಷಗಳ ಮೇಲೆ ಮೊದಲ ಮಾತು. "ಹಸಿವಿಲ್ಲ ಅಕ್ಕ" ಎಂದೆ.

"ಸುಳ್ಳೇಳ್ಬ್ಯಾಡ. ಬಂದಾಗಿಂದ ನೋಡ್ತಾ ಇವ್ನಿ, ಆ ಕೈಯ್ಯ ಸೆರಗೊಳಗೇ ಮಡಿಕ್ಕಂಡಿದೀಯ. ಎಡಗೈಲಿ ಉಣ್ಣಕ್ಕೆ ನಾಚ್ಕೆ ಕಣ ನಿಂಗೆ." ಪಕ್ಕದಲ್ಲಿ ಕೂತು ಒಬ್ಬಟ್ಟನ್ನು ಮುರಿದು, ತುಪ್ಪದಲ್ಲಿ ಅದ್ದಿ, "ಬಾಯಿ ತಗಿ" ಎಂದರು.

ತೆಗೆದೆ. ಐವತ್ತು ದಾಟಿದ ಹೆಂಗಸು, ಹೈಸ್ಕೂಲು ಮೇಡಂ, ಮಗುವಿನಂತೆ ಬಾಯಿ ತೆಗೆದು ಕೂತೆ. ಅನ್ನ ಸಾರು ಕಲಸಿ ಉಣ್ಣಿಸಿದರು. ತಟ್ಟೆ ಖಾಲಿಯಾದ ಮೇಲೆ ಅವರು ನನ್ನ ಬಾಯೊರೆಸಿ, ಎದ್ದು, ಏನೂ ಆಗಿಲ್ಲವೆಂಬಂತೆ ಹೋಗಿ ಹೆಂಗಸರ ಗುಂಪಿನಲ್ಲಿ ಕೂತರು.

ಮುಂದಿನ ವಾರ ಹಾಸನದ ನಮ್ಮ ಮನೆ ಬಾಗಿಲಿಗೆ ಒಂದು ಬ್ಯಾಗು ಹಿಡಿದು ಬಂದಿಳಿದರು. ನಾನು ಕಣ್ಣರಳಿಸಿ ನಿಂತಿದ್ದಕ್ಕೆ, "ಏನಂಗ್ ನೋಡ್ತೀಯ? ನಿನ್ ಗಂಡ ಆಲೂಗಡ್ಡೆ ಇಂದೆ ಓಗವ್ನೆ. ನಿನ್ ಜಡೆ ಯಾರ್ ಹೆಣೀತಾರೆ? ಅಸ ನೋಡ್ಕಳಕ್ಕೆ ಸೊಸೆಗೆ ಏಳ್ಬಂದಿವ್ನಿ, ವಸಿ ದಿನ ಇರ್ತೀನಿ" ಎಂದು ಒಳಗೆ ಹೋಗಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ನಮ್ಮವರು ಮಧ್ಯಾಹ್ನ ಊಟಕ್ಕೆ ಬಂದು, ಒಲೆಯ ಮುಂದೆ ಅತ್ತಿಗೆಯನ್ನು ಕಂಡು, ಮೊದಲ ಸಲ ಫೋನು ಆಫ್ ಮಾಡಿ ಜೇಬಿಗಿಟ್ಟರು.

ಅಕ್ಕ ಬಂದ ಮೇಲೆ ನನಗೆ ಆರಾಮವಾಯಿತು ಎಂದು ಬರೆದರೆ ಪೂರ್ತಿ ನಿಜವಲ್ಲ. ಬೆಳಿಗ್ಗೆ ನಾನು ಏಳುವ ಮುಂಚೆಯೇ ಎಬ್ಬಿಸುತ್ತಿದ್ದರು. ಜಡೆ ಎಳೆದು ಎಳೆದು ಬಿಗಿಯಾಗಿ ಹೆಣೆದು, ಕೊನೆಗೆ ತಲೆಯ ಮೇಲೊಂದು ಏಟು ಕೊಟ್ಟು "ಏಳು" ಎನ್ನುತ್ತಿದ್ದರು. ಬಂದ ಮರುದಿನವೇ ಹರಳೆಣ್ಣೆ ಬಿಸಿ ಮಾಡಿ ಮೊಣಕೈ ತಿಕ್ಕಲು ಕೂತರು. ಫಿಸಿಯೋಥೆರಪಿಯ ಹುಡುಗಿ ಮೊಣಕೈಯ ಗಂಟನ್ನು ತಿಕ್ಕಬಾರದು, ಬಲವಂತವಾಗಿ ಒತ್ತಲೂಬಾರದು ಎಂದು ಹೇಳಿದ್ದಳು. ಎಣ್ಣೆಯ ಬಟ್ಟಲನ್ನು ದೂರ ಸರಿಸಿದೆ. "ಎಣ್ಣೆ ಬ್ಯಾಡ ಅಂತ ಯಾವ್ ಡಾಕ್ಟ್ರು ಏಳ್ದ? ನಾನೇ ಬಂದು ಕೇಳ್ತೀನಿ" ಎಂದು ನನ್ನ ಜೊತೆ ಆಸ್ಪತ್ರೆಗೆ ಬಂದೇಬಿಟ್ಟರು.

ಅಲ್ಲಿ ಆ ಹುಡುಗಿ ಅವರನ್ನು ಕೂರಿಸಿಕೊಂಡು, ತಿಕ್ಕಿದರೆ ಗಂಟಿನ ಸುತ್ತ ಮಾಂಸ ಗಟ್ಟಿಯಾಗುತ್ತದೆ, ಆಮೇಲೆ ಕೈ ಇನ್ನೂ ಬಿಗಿಯುತ್ತದೆ ಎಂದು ಸಮಾಧಾನವಾಗಿ ವಿವರಿಸಿದಳು. ಅಕ್ಕ ಪೂರ್ತಿ ಕೇಳಿ, "ಸರಿ ಕಣವ್ವ, ಮತ್ತೆ ನಾನೇನ್ ಮಾಡ್ಲಿ ಏಳು" ಎಂದರು. ಬಿಸಿ ಬಟ್ಟೆ ಕಟ್ಟಿ, ಆಮೇಲೆ ನಾನೇ ಮಡಚುವಂತೆ, ನಾನೇ ಚಾಚುವಂತೆ ನೋಡಿಕೊಳ್ಳಬೇಕು, ಬಿಟ್ಟುಬಿಡಲು ಬಿಡಬಾರದು ಎಂದಳು ಹುಡುಗಿ. ಅಕ್ಕನಿಗೆ ಅಷ್ಟು ಸಾಕಾಯಿತು. ಸಂಜೆ ನಾನು ಬಸ್ಸಿಳಿದು ಬಂದು ಸೋಫಾದ ಮೇಲೆ ಬಿದ್ದುಕೊಂಡರೆ ಬಿಸಿ ಬಟ್ಟೆ ತಯಾರು.

"ನಾಳೆ ಮಾಡ್ತೀನಿ ಅಕ್ಕ, ಇವತ್ತು ಕೈಯಲ್ಲಾಗಲ್ಲ."

"ಕೈಯಲ್ಲಾಗಲ್ಲ ಅಂತಾನೇ ಮಾಡೋದು. ಮಡಚು."

ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅವರು ನನ್ನ ಮುಖ ನೋಡದೆ, ಕೈಯನ್ನಷ್ಟೇ ನೋಡುತ್ತಾ ಕೂತಿರುತ್ತಿದ್ದರು. ಆಮೇಲೆ ಕಾಫಿ ತರುತ್ತಿದ್ದರು.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನವೇ ಬಂದೆ. ಅಕ್ಕ ಮನೆಯ ಮುಂದಿನ ಕಟ್ಟೆಯ ಮೇಲೆ ತೆಂಗಿನ ಗರಿಯಿಂದ ಕಡ್ಡಿ ಸೀಳಿ ಪೊರಕೆ ಮಾಡುತ್ತಿದ್ದರು. ಹಾಸನದ ಅಂಗಡಿ ಪೊರಕೆ ಅವರಿಗೆ ಹಿಡಿಸಿರಲಿಲ್ಲ. ನಾನು ಚಪ್ಪಲಿ ಬಿಟ್ಟು ಅಲ್ಲೇ ಕುಸಿದು ಕೂತೆ.

"ಯಾಕಿಂಗೆ ಸೋತೋಗಿದೀಯ? ಏನ್ ಏಳ್ಕೊಟ್ಟೆ ಇವತ್ತು?"

ಯಾರೂ ನನ್ನನ್ನು ಆ ಪ್ರಶ್ನೆ ಕೇಳುವುದಿಲ್ಲ. ಕೇಳಿದ್ದಕ್ಕೇ ಹೇಳಬೇಕೆನಿಸಿತು. "ಅದೇ ಕೋನ ಅಕ್ಕ. ಪ್ರತಿ ವರ್ಷ ಮಕ್ಕಳು ಅದೇ ತಪ್ಪು ಮಾಡುತ್ತವೆ. ಇಲ್ಲಿ ನೋಡಿ" ಎಂದು ಅವರು ಸೀಳಿದ್ದ ಕಡ್ಡಿಗಳಲ್ಲಿ ಎರಡು ಚಿಕ್ಕವನ್ನು ತುದಿಗೆ ತುದಿ ಸೇರಿಸಿ ನೆಲದ ಮೇಲಿಟ್ಟೆ, ಪಕ್ಕದಲ್ಲಿ ಎರಡು ಉದ್ದನೆಯ ಕಡ್ಡಿಗಳನ್ನು ಅಷ್ಟೇ ಅಗಲಕ್ಕೆ ತೆರೆದಿಟ್ಟೆ. "ಎರಡರಲ್ಲಿ ಯಾವ ಕೋನ ದೊಡ್ಡದು ಅಂತ ಕೇಳಿದರೆ ಎಲ್ಲರೂ ಉದ್ದ ಕಡ್ಡಿಯದೇ ದೊಡ್ಡದು ಅಂತಾರೆ. ಎರಡೂ ಒಂದೇ. ಕಡ್ಡಿ ಎಷ್ಟು ಉದ್ದವಾದರೂ ಈ ಮೂಲೆಯಲ್ಲಿ ಎಷ್ಟು ಬಾಯಿ ತೆರೆದಿದೆಯೋ ಅದೇ ಕೋನ. ಅದು ಬದಲಾಗಲ್ಲ. ಎಷ್ಟು ವರ್ಷದಿಂದ ಹೇಳಿದೆನೋ. ಇವತ್ತೂ ಹೇಳಿ ಬಂದೆ. ಮುಂದಿನ ವಾರ ಕೇಳಿದರೆ ಮತ್ತೆ ಉದ್ದದ್ದೇ ದೊಡ್ಡದು ಅಂತಾರೆ."

ಅಕ್ಕ ಕತ್ತಿಯನ್ನು ಕೆಳಗಿಟ್ಟು ಆ ಕಡ್ಡಿಗಳನ್ನೇ ನೋಡುತ್ತಾ ಕೂತರು. ಆಮೇಲೆ ಉದ್ದ ಕಡ್ಡಿಗಳ ತೆರೆದ ತುದಿಯ ನಡುವೆ ಬೆರಳಾಡಿಸಿ, "ಮೂಲೇಲಿ ಬದಲಾಗಲ್ಲ, ಸರಿ. ಈ ಕಡೆ ತುದೀಲಿ ಎಷ್ಟ್ ಜಾಗ ಆಯ್ತು ನೋಡು" ಎಂದರು. "ನಮ್ ತ್ವಾಟದಲ್ಲೂ ಇಂಗೇ ಅಲ್ವ ಆಗಿದ್ದು? ಬಾವಿತಾವ ಏನೂ ಇಲ್ಲ. ಆ ತುದೀಲಿ ಎರಡು ಮರ."

ನಾನು ಆ ವಿಷಯ ಬರುತ್ತದೆಂದು ಎಣಿಸಿರಲಿಲ್ಲ. "ಅಕ್ಕ, ಗೆರೆ ಓರೆ ಇತ್ತು. ನಾನು ಇದ್ದದ್ದು ಹೇಳಿದೆ."

"ಇತ್ತೋ ಇಲ್ವೋ, ನಂಗ್ ಗೊತ್ತಿಲ್ಲ. ಓದಿದೋಳು ನೀನು, ನೀನ್ ಏಳಿದ್ಮೇಲೆ ಇದ್ದಿರ್ಬೇಕು. ಆ ಎರಡು ಸಸಿ ನೆಟ್ಟೋಳು ನಾನು. ಮೊದಲ್ನೇ ಮಗೀನ ಬಸುರಿ ಆಗಿದ್ದಾಗ ಬಾವಿಯಿಂದ ಆ ತುದಿಗಂಟ ಕೊಡದಲ್ಲಿ ನೀರು ಒತ್ತಿವ್ನಿ. ಪೈಪಿರ್ಲಿಲ್ಲ, ಮೋಟ್ರು ಇರ್ಲಿಲ್ಲ. ನೀನ್ ಇನ್ನೂ ಆ ಮನೆಗೇ ಬಂದಿರ್ಲಿಲ್ಲ."

"ನನಗದು ಗೊತ್ತಿರಲಿಲ್ಲ."

"ಎಂಗ್ ಗೊತ್ತಾಗ್ಬೇಕು? ನಾನ್ ಏಳ್ಲಿಲ್ಲ, ನೀನ್ ಕೇಳ್ಲಿಲ್ಲ. ಕಲ್ಲು ಕಿತ್ತು ಆ ಕಡೆ ನೆಡೋವಾಗ ಎಲ್ರೂ ಅಗ್ಗ ನೋಡ್ತಿದ್ರು. ನಾನು ಮರ ನೋಡ್ತಿದ್ದೆ."

ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಾ ಹೋದಳು. ನಾನು, "ಆ ಎರಡು ಮರದ ಕಾಯಿ ಇನ್ನು ಮೇಲೆ ನೀವೇ ಕೀಳಿಸಿಕೊಳ್ಳಿ ಅಕ್ಕ. ಇವರಿಗೆ ನಾನು ಹೇಳುತ್ತೇನೆ" ಎಂದೆ.

"ಕಾಯಿಗೇನ್ ಬರ ನಂಗೆ?" ಎಂದು ಅವರು ಮತ್ತೆ ಕತ್ತಿ ಎತ್ತಿಕೊಂಡರು. ನಾಲ್ಕು ಕಡ್ಡಿ ಸೀಳಿ, "ಒಂದ್ ಮಾತು ಕೇಳ್ಲಾ? ನಿನ್ ಗಂಡ ಆ ಗೆರೆ ಮ್ಯಾಲೆ ತಂತಿ ಬೇಲಿ ಆಕ್ತೀನಿ ಅಂತ ಊರಲ್ಲಿ ಏಳ್ಕಂಡು ತಿರುಗ್ತಾವ್ನೆ. ಗೆರೆ ಎಲ್ಲಾರ ಇರ್ಲಿ. ಬೇಲಿ ಬ್ಯಾಡ. ಅಸ ಕಟ್ಟಕ್ಕೆ ಓದಾಗ ವಸಿ ಒತ್ತು ಆ ಮರದ ಬುಡುಕ್ಕೆ ಕೂತ್ಕತೀನಿ ನಾನು" ಎಂದರು.

ಬೇಲಿಯ ವಿಷಯ ನನಗೂ ಗೊತ್ತಿರಲಿಲ್ಲ. ಅಂದು ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ. ಕಂಬ ಆಗಲೇ ಹೇಳಿಟ್ಟಿದ್ದೇನೆ, ಹಂದಿ ಕಾಟ, ದನದ ಕಾಟ ಎಂದು ಏನೇನೋ ಗೊಣಗಿದರು. ಅಕ್ಕ ಅವರ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದರು. ನಮ್ಮವರು ಮುದ್ದೆಯನ್ನೂ ಅತ್ತಿಗೆಯನ್ನೂ ನೋಡಿ, "ಬುಡಿ ಅತ್ತಿಗೆ, ಆಕಲ್ಲ" ಎಂದರು. ಹಾಸನದಲ್ಲಿ ಎಷ್ಟು ವರ್ಷ ಇದ್ದರೂ ಊರಿನವರ ಮುಂದೆ ಅವರ ಮಾತು ಊರಿಗೇ ಹೋಗಿಬಿಡುತ್ತದೆ. ಬೇಲಿ ಇಂದಿಗೂ ಹಾಕಿಲ್ಲ.

ಸೊಸೆಗೆ ಹುಷಾರಿಲ್ಲವೆಂದು ಫೋನು ಬಂದ ದಿನ ಅಕ್ಕ ಊರಿಗೆ ಹೊರಟರು. ನಾನು ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬೆಂಗಳೂರು ಕಡೆಯ ಬಸ್ಸಿಗೆ ಹತ್ತಿಸಿದೆ. ಹಿರೀಸಾವೆಯಲ್ಲಿ ನಿಲ್ಲಿಸಬೇಕೆಂದು ಕಂಡಕ್ಟರಿಗೆ ಅವರೇ ಎರಡು ಸಲ ಜೋರು ಮಾಡಿ ಹೇಳಿದರು. ಕಿಟಕಿಯಿಂದ ಬಗ್ಗಿ ನನ್ನ ಕೈ ತೋರಿಸಿ, "ನಾನಿಲ್ಲ ಅಂತ ಬುಟ್ಬುಟ್ಟೀಯ, ಮಡಚು" ಎಂದರು. ಅವರು ಹೋದ ಸಂಜೆ ಮನೆ ಬಿಕೋ ಎನ್ನುತ್ತಿತ್ತು. ಸೋಫಾದ ಮೇಲೆ ಬಿದ್ದುಕೊಂಡೆ. ಯಾರೂ ಏಳು ಎನ್ನಲಿಲ್ಲ. ಅದೇ ಬೇಜಾರಾಗಿ ನಾನೇ ಎದ್ದು ಬಿಸಿನೀರಿಟ್ಟೆ.

ಕೈ ಪೂರ್ತಿ ಸರಿಹೋಗಲಿಲ್ಲ. ಚಾಚುವುದು ನೂರ ಅರವತ್ತಕ್ಕೆ ನಿಂತಿತು. "ಇನ್ನು ಇಷ್ಟೇ ಮೇಡಂ. ಇಪ್ಪತ್ತು ಬಾಕಿ ಉಳಿಯುತ್ತೆ" ಎಂದಳು ಫಿಸಿಯೋಥೆರಪಿಯ ಹುಡುಗಿ, ತನ್ನ ಲೆಕ್ಕದಲ್ಲಿ. ಇಪ್ಪತ್ತು ಡಿಗ್ರಿ ಕಡಿಮೆಯಾದರೆ ಏನೂ ನಿಲ್ಲುವುದಿಲ್ಲ. ಬಸ್ಸಿನ ಮೇಲಿನ ಕಂಬಿ ಎಟುಕುವುದಿಲ್ಲ, ಪಕ್ಕದ ಸೀಟಿನ ಬೆನ್ನು ಹಿಡಿದುಕೊಳ್ಳುತ್ತೇನೆ. ಬೋರ್ಡಿನ ಮೇಲ್ಭಾಗ ಎಟುಕುವುದಿಲ್ಲ, ಅರ್ಧದಿಂದ ಬರೆಯುತ್ತೇನೆ. ಕೈಯ ಕಾರಣ ಕೊಟ್ಟು ಒಂದೇ ಶಾಲೆಗೆ ಹಾಕಿಸಿಕೊಳ್ಳಿ ಎಂದು ಹೆಡ್‌ಮಾಸ್ಟರು ಹೇಳಿದರು. ಅದಕ್ಕೂ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ನಾಳೆ ಹೋದರಾಯಿತು ಎಂದುಕೊಂಡೇ ಆ ವರ್ಷ ಕಳೆಯಿತು. ವಾರದ ಮೊದಲರ್ಧ ಅಲ್ಲಿ, ಉಳಿದರ್ಧ ಇಲ್ಲಿ, ಈಗಲೂ ಹಾಗೇ ನಡೆದಿದೆ.

ಮಡಚುವುದು ಮಾತ್ರ ನಿಧಾನವಾಗಿ ದಾರಿಗೆ ಬಂತು. ಎಪ್ಪತ್ತು, ಅರವತ್ತೈದು, ಅರವತ್ತು. ಅರವತ್ತರಲ್ಲಿ ಬಹಳ ದಿನ ನಿಂತುಬಿಟ್ಟಿತು. ನಾನೂ ಅಳತೆ ಕೇಳುವುದನ್ನು ಬಿಟ್ಟೆ. ಒಂದು ಮಧ್ಯಾಹ್ನ ಅರಕಲಗೂಡಿನ ಶಾಲೆಯಲ್ಲಿ ಪಾಠ ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ರುದ್ರಪಟ್ಟಣದಿಂದ ಬರುವ ಬಸ್ಸು ಹಾಸನಕ್ಕೆ ಹೋಗುತ್ತದೆ, ಅದಕ್ಕೆ ಕಾಯುತ್ತಿದ್ದೆ. ಬಿಸಿಲು. ಪಕ್ಕದಲ್ಲಿ ಕೂತ ಹೆಂಗಸು ಮಗುವಿಗೆ ಕಡಲೆಕಾಯಿ ಸುಲಿದು ಕೊಡುತ್ತಾ, ನನ್ನ ಕೈಗೂ ನಾಲ್ಕು ಕಾಳು ಹಾಕಿದಳು. ನಾನು ಬಸ್ಸು ಬರುವ ದಾರಿಯನ್ನೇ ನೋಡುತ್ತಾ ಅವನ್ನು ಬಾಯಿಗೆ ಹಾಕಿಕೊಂಡೆ. ಅಗಿಯುತ್ತಿದ್ದಾಗ ಅರಿವಾಯಿತು, ಹಾಕಿಕೊಂಡದ್ದು ಬಲಗೈಯಲ್ಲಿ.

ಕೈಯನ್ನು ಇಳಿಸಿ ನೋಡಿದೆ. ಮತ್ತೆ ಮಡಚಿದೆ. ಬೆರಳ ತುದಿ ತುಟಿಗೆ ತಗುಲಿತು. ನೋವಿತ್ತು, ಆದರೂ ತಗುಲಿತು. ಆ ಹೆಂಗಸು ನನ್ನನ್ನೇ ನೋಡುತ್ತಾ, ಇನ್ನೂ ಬೇಕೇನೋ ಎಂದುಕೊಂಡು ಮತ್ತೆ ನಾಲ್ಕು ಕಾಳು ಕೊಟ್ಟಳು.

ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದೆ. ಬಹಳ ಹೊತ್ತು ರಿಂಗಾಗಿ ಎತ್ತಿದರು.

"ಅಕ್ಕ, ಕೈ ಬಾಯಿಗೆ ಬಂತು."

"ಯಾವತ್ತು?"

"ಈಗ. ಕಡಲೆಕಾಯಿ ತಿಂದೆ."

ಆ ಕಡೆಯಿಂದ ಹಸುವೊಂದು ಅಂಬಾ ಎಂದದ್ದು ಕೇಳಿಸಿತು, ಬಕೆಟ್ಟಿನ ಸದ್ದು ಕೇಳಿಸಿತು.

"ಒಳ್ಳೇದಾಯ್ತು ಕಣೇ" ಎಂದರು. ಆಮೇಲೆ, "ಸರಿ ಮಡಗು, ಅಸ ಕರೀಬೇಕು" ಎಂದರು.